ಒಂದು ಮೊರ ತೌಡಿನ ಮಗಳು

ಇಲ್ಲಿ ಬರೆಯುವ ಕೆಲವು ಸಂಗತಿಗಳು ತಪ್ಪಿರಬಹುದು. ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾಕೆಯ ಬಾಗಿಲಿಗೆ ಹಸಿರು ಬಣ್ಣವಿತ್ತು ಎಂದು ನಾನು ಡೈರಿಯಲ್ಲಿ ಎಂದೋ ಬರೆದಿಟ್ಟಿದ್ದೇನೆ. ಹಸಿರು ಬಾಗಿಲು ನಮ್ಮ ಮನೆಯದು, ಆಕೆಯದಕ್ಕೆ ಬಣ್ಣವೇ ಇರಲಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ. ಹಾಗಾಗಿ ನನ್ನ ಕಣ್ಣು ಉಳಿಸಿಕೊಂಡದ್ದನ್ನು ನಾನು ಪೂರ್ತಿ ನಂಬುವುದಿಲ್ಲ. ಮೂಗನ್ನು ಮಾತ್ರ ನಂಬುತ್ತೇನೆ.

ಕಳೆದ ತಿಂಗಳು, ನನ್ನ ಜೊತೆ ಕೆಲಸ ಮಾಡುವ ಇಬ್ಬರು ಗೆಳತಿಯರಿಗೆ ಗದ್ವಾಲ ತೋರಿಸಲು ನಾರಾಯಣಪೇಟೆಯಿಂದ ಹೊರಟಿದ್ದೆ. ಮಕ್ತಲ ದಾಟಿ, ಜೂರಾಲ ಅಣೆಕಟ್ಟಿನ ಮೇಲೆ ಇಳಿದು ಕೃಷ್ಣೆಯನ್ನು ನೋಡಿದೆವು. ಅವರು ರಸ್ತೆ ಬದಿಯ ಅಂಗಡಿಯಲ್ಲಿ ಹುರಿದ ಮೀನು ತಿಂದರು, ನಾನು ಚಹಾ ಕುಡಿದೆ. ಮತ್ತೆ ಬಸ್ಸು ಹತ್ತಿದ ಮೇಲೆ, ಧರೂರಿನ ಹತ್ತಿರ ಒಂದು ಅಕ್ಕಿ ಗಿರಣಿಯ ಮುಂದೆ ಯಾರೋ ಇಳಿಯುವವರಿದ್ದರು. ಬಸ್ಸು ನಿಂತಿತು. ಕಿಟಕಿಯಿಂದ ಹೊಸ ತೌಡಿನ ವಾಸನೆ ಒಳಗೆ ಬಂತು. ಬೆಚ್ಚಗಿನ, ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆಯ ಕಮಟು...

ಅದು ನನ್ನ ಬೆಲೆಯ ವಾಸನೆ. ಒಂದು ಮೊರ ತೌಡಿಗೆ ನನ್ನನ್ನು ಮಾರಿದ್ದರು.

ನನಗಿಂತ ಮುಂಚೆ ನಮ್ಮ ಮನೆಯಲ್ಲಿ ಎರಡು ಕೂಸು ಹುಟ್ಟಿ, ಎರಡೂ ಉಳಿಯಲಿಲ್ಲ. ನಮ್ಮ ಕಡೆ ಅಂಥ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಮೊರದಲ್ಲಿ ಮಲಗಿಸುತ್ತಾರೆ. ನೆರೆಯವಳೊಬ್ಬಳು ಬಂದು, 'ಇದು ಯಾರ ಕೂಸು?' ಎನ್ನಬೇಕು. ತಾಯಿ, 'ನಂದಲ್ಲ' ಎನ್ನಬೇಕು. ನೆರೆಯವಳು ಅದರ ಬದಲಿಗೆ ಒಂದು ಮೊರ ತೌಡು ಸುರಿದು ಕೂಸನ್ನು ಎತ್ತಿಕೊಂಡು ಹೋಗಬೇಕು. ಸಾವು ಮತ್ತೆ ಬಾಗಿಲಿಗೆ ಬಂದರೆ ಅದಕ್ಕೆ ಸಿಗಬೇಕಾದ ಕೂಸು ಅಲ್ಲಿಲ್ಲ. ಸಂಜೆಗೆ ಕೂಸು ಹಾಲು ಕುಡಿಯಲು ಹೆತ್ತವಳ ಹತ್ತಿರವೇ ಬರುತ್ತದೆ. ಆದರೆ ವ್ಯಾಪಾರ ಮಾತ್ರ ಸುಳ್ಳಲ್ಲ. ನನಗೆ ಶಾಲೆಯಲ್ಲಿ ಬೇರೆ ಹೆಸರಿತ್ತು, ಓಣಿಯಲ್ಲಿ ನಾನು ತಿಪ್ಪವ್ವ. ಕೊಂಡವಳನ್ನು ನಾನು ಅವ್ವ ಎಂದು ಕರೆಯಬೇಕಿತ್ತು. ಹೆತ್ತವಳನ್ನು ಅವ್ವ ಎನ್ನುವ ಹಾಗಿರಲಿಲ್ಲ, ಸಾವಿಗೆ ಕೇಳಿಸಿಬಿಟ್ಟರೆ? ಹೆತ್ತವಳನ್ನು ನಾನು ಅಕ್ಕ ಎಂದೇ ಕರೆದೆ. ಇಂದಿಗೂ ಹಾಗೇ ಕರೆಯುತ್ತೇನೆ.

ಕೊಂಡವಳು ನಮ್ಮ ಪಕ್ಕದ ಮನೆಯಾಕೆ. ಓಣಿಯವರಿಗೆ ಆಕೆ ತೌಡಿನವ್ವ. ಕುರಿ ಕಾಯುವವರ ಮನೆತನ, ಮನೆದೇವರು ಬೀರಪ್ಪ. ಗಂಡ ಸತ್ತ ಮೇಲೆ ಗದ್ವಾಲಕ್ಕೆ ಬಂದು ನೇಕಾರರ ಓಣಿಯಲ್ಲಿ ನೂಲಿನ ಕೆಲಸಕ್ಕೆ ನಿಂತಿದ್ದಳು. ಗದ್ವಾಲದ ಸೀರೆಗೆ ಒಡಲು ಹತ್ತಿ, ಸೆರಗು ರೇಷ್ಮೆ. ಆ ಹತ್ತಿಯ ಎಳೆಗೆ ಈ ರೇಷ್ಮೆಯ ಎಳೆಯನ್ನು ಒಂದೊಂದಾಗಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಕೂಡಿಸುತ್ತಾರೆ. ಆಕೆ ಅದನ್ನು ಮಾಡುವಾಗ ನಾನು ಪಕ್ಕದಲ್ಲಿ ಕೂತು ಕತೆ ಹೇಳು ಎಂದು ಕಾಡುತ್ತಿದ್ದೆ.

"ಸುಮ್ನ ಕುಂದ್ರ. ಎಳಿ ತಪ್ಪಿದ್ರ ನೇಕಾರ ನನ್ನ ಬೈತಾನ. ಆ ಒಂದು ಮೊರ ತೌಡು ಎಮ್ಮಿಗೆ ಹಾಕಿದ್ರ ಹಾಲಾದ್ರೂ ಕೊಡ್ತಿತ್ತು. ನಿನ್ನ ತಗೊಂಡು ಏನ ಸುಖ ಕಂಡೆ ನಾ!"

ಬೈದು ಮುಗಿಸಿ ಕತೆ ಶುರು ಮಾಡುತ್ತಿದ್ದಳು. ಗದ್ವಾಲದ ಚರಿತ್ರೆ ನಾನು ಕಲಿತದ್ದು ಹಾಗೆ. ಸಂಸ್ಥಾನದ ಅರಸರು ಮಣ್ಣಿನ ಕೋಟೆ ಏಕೆ ಕಟ್ಟಿದರು ಎಂದರೆ, ಆಕೆಯ ಪ್ರಕಾರ, ಕಲ್ಲಿಗೆ ಗುಂಡು ಬಡಿದರೆ ಒಡೆಯುತ್ತದೆ, ಮಣ್ಣು ನುಂಗಿ ಸುಮ್ಮನಾಗುತ್ತದೆ. ಕೋಟೆಯೊಳಗಿನ ದೇವರು ಮಳೆಗಾಲದಲ್ಲಿ ಎರಡೂ ನದಿಗಳ ಸದ್ದಿಗೆ ನಿದ್ದೆಗೆಡುತ್ತಾನೆ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ. ನಡುವಿನ ನಮ್ಮ ಸೀಮೆಗೆ ನಡಿಗಡ್ಡೆ ಎಂದೇ ಹೆಸರು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಓದುವಾಗ ಇವುಗಳಲ್ಲಿ ಅರ್ಧ ಆಕೆಯದೇ ಕಟ್ಟು ಎಂದು ತಿಳಿಯಿತು. ಯಾವ ಅರ್ಧ ಎಂಬುದು ಈಗ ನನಗೂ ಗೊಂದಲ.

ಬೀರಪ್ಪನ ವಾರ ಆಕೆ ನನ್ನ ಹಣೆಗೆ ಭಂಡಾರ ಹಚ್ಚುತ್ತಿದ್ದಳು. ಆ ಅರಿಶಿನದ ಪುಡಿ ಮೂಗಿನ ಮೇಲೆಲ್ಲ ಉದುರುತ್ತಿತ್ತು. ನಾನು ನಮ್ಮ ಮನೆಯ ಹೊಸ್ತಿಲಿಗೆ ಬಂದ ಕೂಡಲೇ ಅಕ್ಕ ಸೆರಗಿನಿಂದ ಅದನ್ನು ಒರೆಸಿ ವಿಭೂತಿ ಹಚ್ಚುತ್ತಿದ್ದಳು. ಒರೆಸುವ ಕೈ ಬಿರುಸಾಗಿರುತ್ತಿತ್ತು. ಬಿರುಸಾಗಿರುತ್ತಿತ್ತೋ, ಅಥವಾ ಈಗ ತಿಳಿದದ್ದನ್ನು ಸೇರಿಸಿ ನಾನು ಹಾಗೆ ಬರೆಯುತ್ತಿದ್ದೇನೋ...

ಹಬ್ಬದ ದಿನ ನದಿಗೆ ಹೋಗುತ್ತಿದ್ದೆವು. ಊರಿಗೆ ಊರೇ ಹೋಗುತ್ತಿತ್ತು. ಆಕೆ ಬರುವಾಗ ಒಂದು ಹಿತ್ತಾಳೆಯ ಗಿಂಡಿಯಲ್ಲಿ ಹೊಳೆಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮನೆಯ ಗೂಡಿನಲ್ಲಿ ಇಡುತ್ತಿದ್ದಳು.

"ಇದು ಯಾರಿಗೆ?" ಎಂದು ಒಮ್ಮೆ ಕೇಳಿದ್ದೆ.

"ನನಗ. ಹೋಗಾಕ ನಿಂತಾಗ ಬಾಯಾಗ ಇಷ್ಟು ನೀರು ಬಿಡಬೇಕು. ಹೆತ್ತ ಮಕ್ಕಳು ಬಿಡ್ತಾರ. ನನಗ ಹೆತ್ತಿದ್ದಿಲ್ಲ, ಕೊಂಡಿದ್ದೈತಿ. ನೀನ ಬಿಡಬೇಕು, ತಿಳೀತೇನ?"

ನಾನು ಹೂಂ ಎಂದಿದ್ದೆ. ಆ ವಯಸ್ಸಿನಲ್ಲಿ ಎಲ್ಲಕ್ಕೂ ಹೂಂ ಎನ್ನುತ್ತಿದ್ದೆ.

ನಾನು ಓದಲು ಹೈದರಾಬಾದಿಗೆ ಹೋದೆ. ಒಮ್ಮೆ ರಜೆಗೆ ಬಂದಾಗ ಪಕ್ಕದ ಬಾಗಿಲಿಗೆ ಬೀಗ ಬಿದ್ದಿತ್ತು. ಅಕ್ಕ ನನ್ನ ಕೈಯಿಂದ ಚೀಲ ತೆಗೆದುಕೊಳ್ಳುತ್ತಾ ಹೇಳಿದಳು: "ಆಕಿ ಹೋದಳು. ಪುಣ್ಯಾತಗಿತ್ತಿ, ಮಲಗಿದಾಕಿ ಏಳಲಿಲ್ಲ." ನಾನು ಅತ್ತೆ. ನಿದ್ದೆಯಲ್ಲಿ ಹೋದವರಿಗೆ ಯಾರಿಂದಲೂ ನೀರು ಬಿಡಲಾಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಷ್ಟು ವರ್ಷ ಆ ಸಮಾಧಾನದಲ್ಲೇ ಇದ್ದೆ. ಅದಾದ ಕೆಲವೇ ದಿನಕ್ಕೆ ನಾವು ಆ ಓಣಿಯ ಮನೆ ಬಿಟ್ಟೆವು. ಈಗ ಅಕ್ಕ ನನ್ನ ಜೊತೆಯೇ ನಾರಾಯಣಪೇಟೆಯಲ್ಲಿದ್ದಾಳೆ.

ಗೆಳತಿಯರಿಗೆ ಕೋಟೆ ತೋರಿಸಿದೆ. ಮಣ್ಣು ಗುಂಡನ್ನು ನುಂಗುವ ಕತೆ ಹೇಳಿದೆ, ಅವರು ಫೋಟೊ ತೆಗೆದುಕೊಂಡರು. ಸೀರೆ ಕೊಳ್ಳಬೇಕೆಂದರು. ದೊಡ್ಡ ಅಂಗಡಿ ಬೇಡ, ನೇರ ಮಗ್ಗದ ಮನೆಗೇ ಹೋಗೋಣ ಎಂದು ನಮ್ಮ ಹಳೆಯ ಓಣಿಗೆ ಕರೆದುಕೊಂಡು ಹೋದೆ. ತೌಡಿನವ್ವನ ಮನೆಯಿದ್ದ ಜಾಗದಲ್ಲಿ ತಗಡು ಹೊದಿಸಿ ಬೈಕು ನಿಲ್ಲಿಸಿದ್ದರು. ಎದುರು ಮನೆಯಲ್ಲಿ ಮಗ್ಗದ ಸದ್ದಿತ್ತು. ಅಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದ ನೇಕಾರರ ಮನೆಯ ಮುದುಕಿ ನನ್ನನ್ನೇ ನೋಡಿದಳು.

"ಏಂ ಪಿಲ್ಲಾ," ಎಂದು, ಚಿಕ್ಕ ಹುಡುಗಿಯನ್ನು ಕರೆಯುವ ಹಾಗೆ, ತೆಲುಗಿನಲ್ಲಿ ಶುರು ಮಾಡಿ, ಕನ್ನಡಕ್ಕೆ ಹೊರಳಿದಳು. "ನೀ ತೌಡಿನಾಕಿ ಮಗಳಲ್ಲೇನ? ತಿಪ್ಪವ್ವ?"

ನನಗೆ ಸಂತೋಷವಾಯಿತು. ಹೌದು ಎಂದೆ, ಹೇಗಿದ್ದೀರಿ ಎಂದೆ. ಆಕೆ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಪರೀಕ್ಷಿ ಮುಗಿದ್ವೇನವಾ?"

ಹಾಸ್ಯವೆಂದು ನಕ್ಕೆ. ಆಕೆ ನಗಲಿಲ್ಲ.

"ನಗ್ತಿ. ನಗು. ಆಕಿ ಹಾಸಿಗಿ ಹಿಡದು ನಿನ್ನ ಹಾದಿ ನೋಡಿ ನೋಡಿ ಕಣ್ಣು ಒಳಗ ಹೋಗಿದ್ವು. ನಾವಾ ಉಣಸ್ತಿದ್ವಿ, ನಾವಾ ಮೈ ಒರಸ್ತಿದ್ವಿ. ಮಗಳಿಗೆ ಹೇಳಿ ಕಳಸ್ರಿ, ಮಗಳಿಗೆ ಹೇಳಿ ಕಳಸ್ರಿ, ಅದ ಜಪ."

ನಾನು, ಆಕೆ ಮಲಗಿದಲ್ಲೇ ಹೋದಳಲ್ಲ, ನಿದ್ದೆಯಲ್ಲಿ... ಎಂದೆ.

"ಯಾರ ಹೇಳಿದ್ದು? ಮಳಿ ಶುರುವಾದಾಗ ಬಿದ್ದಾಕಿ, ಜ್ವಾಳ ಬಿತ್ತೂತನ ಇದ್ದಳು. ನೀ ಅಕ್ಕ ಅಂತಿದ್ದೆಲ್ಲ, ನಿಮ್ಮವ್ವ, ಇದ ಹೊಸ್ತಿಲದಾಗ ನಿಂತು ಹೇಳಿ ಹೋದಳು. 'ಪರೀಕ್ಷಿ ಅದಾವಂತ, ಬರಂಗಿಲ್ಲ ಅಂದಾಳ' ಅಂತ. ನಾವೆಲ್ಲಾ ನಿನಗ ಬೈದ್ವಿ, ಖರೆ ಹೇಳ್ತೀನಿ, ಓಣಿಗೆ ಓಣಿನ ಬೈತು. ಆಕಿ ಒಬ್ಬಾಕಿ ಬೈಲಿಲ್ಲ. 'ಮುಗೀಲಿ, ಬರ್ತಾಳ' ಅಂದಳು. ಕಡೀ ದಿನ ಗಿಂಡಿ ತಗದು ನೀರು ಬಿಡಾಕ ಹೋದ್ರ, ಹಲ್ಲು ಕಚ್ಚಿ ಹಿಡದಳು. ಬಿಡಸಾಕ ಆಗಲಿಲ್ಲ ನಮಗ. ನೀರು ಕುಡದ್ರ ಹೋಗಬೇಕಾಗ್ತೈತಿ, ನೀ ಬರೂತನ ಇರಬೇಕು ಅಂತ..."

ಗೆಳತಿಯರಿಗೆ ಕನ್ನಡ ಬಾರದು. ಅವರಲ್ಲೊಬ್ಬಳು ಸೆರಗಿನ ಬಣ್ಣ ಬೆಳಕಿಗೆ ಹಿಡಿದು ಹೇಗಿದೆ ಎಂದು ನನ್ನನ್ನು ಕೇಳುತ್ತಿದ್ದಳು. ಚೆನ್ನಾಗಿದೆ ಎಂದೆ. ನನ್ನ ಬಾಯಿಂದ ಅಷ್ಟು ಸರಿಯಾಗಿ ಮಾತು ಬಂದದ್ದು ಹೇಗೋ ಗೊತ್ತಿಲ್ಲ. ಕಾಲ ಕೆಳಗೆ ನೆಲವಿತ್ತು, ಮಗ್ಗ ಬಡಿಯುತ್ತಿತ್ತು, ಎಲ್ಲವೂ ಸ್ವಲ್ಪ ಹೊತ್ತಿನ ಹಿಂದಿನ ಹಾಗೆಯೇ ಇತ್ತು.

"ಆ ಗಿಂಡಿ?" ಎಂದು ಕೇಳಿದೆ. ಅಷ್ಟೆಲ್ಲದರಲ್ಲಿ ಗಿಂಡಿಯನ್ನೇ ಏಕೆ ಕೇಳಿದೆನೋ.

"ಯಾರಿಗೆ ಗೊತ್ತು. ಮನಿ ಕೆಡವಿದಾಗ ಹೋತು." ಆಕೆ ನನ್ನ ಮುಖವನ್ನು ಇನ್ನೊಮ್ಮೆ ನೋಡಿದಳು. ಧ್ವನಿ ಇಳಿಯಿತು. "ನಿನಗ ಗೊತ್ತಿದ್ದಿಲ್ಲೇನ? ಅಯ್ಯ ನಮ್ಮವ್ವಾ... ನಿನಗ ಗೊತ್ತ ಇದ್ದಿಲ್ಲ."

ಹಿಂದಿರುಗುವಾಗ ಜೂರಾಲದ ಮೇಲೆ ಬಸ್ಸು ನಿಧಾನವಾಯಿತು. ಅಲ್ಲಿ, ನೀರು ನೋಡುತ್ತಿದ್ದಾಗ, ನನಗೊಂದು ಫೋನು ಕರೆ ನೆನಪಾಯಿತು. ಹಾಸ್ಟೆಲಿನ ಮೆಟ್ಟಿಲ ಕೆಳಗಿದ್ದ ಫೋನು. ಅಕ್ಕನ ಧ್ವನಿ. ಉಂಡೆಯಾ, ನೆಗಡಿ ಹೋಯಿತಾ, ಎಲ್ಲ ಕೇಳಿದ ಮೇಲೆ, "ಈ ವಾರ ಬರ್ತೀಯೇನ?" ಎಂದಳು. "ಪರೀಕ್ಷಿ ಅದಾವ, ಬರಂಗಿಲ್ಲ," ಎಂದೆ. "ಓದ್ಕೋ ಹಂಗಾರ," ಎಂದು ಫೋನು ಇಟ್ಟಳು.

ಹಾಗಾದರೆ ಅಕ್ಕ ಹೊಸ್ತಿಲಲ್ಲಿ ನಿಂತು ಹೇಳಿದ್ದು ಸುಳ್ಳಲ್ಲ. ಮಾತು ನನ್ನದೇ. ಅದನ್ನು ಎತ್ತಿಕೊಂಡು ಹೋಗಿ ಬೇರೆ ಪ್ರಶ್ನೆಯ ಮುಂದೆ ಇಟ್ಟಿದ್ದಳು, ಅಷ್ಟೇ. ಅಥವಾ ಆ ಕರೆ ಬಂದೇ ಇರಲಿಲ್ಲವೇನೋ. ಮುದುಕಿಯ ಮಾತು ಕೇಳಿದ ಮೇಲೆ, ತಡೆದುಕೊಳ್ಳಲಾಗದೆ, ನಾನೇ ಬಸ್ಸಿನಲ್ಲಿ ಕೂತು ಕಟ್ಟಿಕೊಂಡೆನೇನೋ. ಆದರೆ ಮೆಟ್ಟಿಲ ಕೆಳಗಿನ ಫಿನಾಯಿಲ್ ವಾಸನೆ ನನಗೆ ನೆನಪಿದೆ, ಮೂಗನ್ನು ನಾನು ನಂಬುತ್ತೇನೆ ಎಂದು ಮೇಲೆ ಬರೆದಿದ್ದೇನೆ.

ಅಕ್ಕ ಏಕೆ ಹಾಗೆ ಮಾಡಿದಳು ಎಂದು ಎಷ್ಟು ಬಗೆಯಲ್ಲಿ ಯೋಚಿಸಿದ್ದೇನೆ. ಪರೀಕ್ಷೆ ಹಾಳಾಗಬಾರದೆಂದಿರಬಹುದು. ಕೊಂಡವಳ ಸಾವಿನ ಹತ್ತಿರ ನಾನು ನಿಂತರೆ ಸಾವು ನನ್ನ ಗುರುತು ಹಿಡಿದೀತೆಂಬ ಭಯವಿರಬಹುದು; ಎರಡು ಕೂಸು ಮಣ್ಣಿಗೆ ಕೊಟ್ಟವಳಿಗೆ ಆ ಭಯ ಓದಿದವರ ಮಾತಿಗೆ ಹೋಗುವಂಥದ್ದಲ್ಲ. ಇಲ್ಲವೇ, ನಾನು ಆ ನೀರು ಬಿಟ್ಟರೆ ವ್ಯಾಪಾರ ಪೂರ್ತಿಯಾಗುತ್ತಿತ್ತು. ನಾನು ಕೊನೆಗೂ ಕೊಂಡವಳ ಮಗಳೇ ಆಗಿಬಿಡುತ್ತಿದ್ದೆ. ಹೆತ್ತು, ತಿಪ್ಪೆಯ ಮುಂದೆ ನಿಂತು 'ನಂದಲ್ಲ' ಎಂದು, ಜೀವಮಾನವಿಡೀ ಅಕ್ಕ ಅನ್ನಿಸಿಕೊಂಡವಳು ಅಷ್ಟನ್ನೂ ಕೊಡಲಾರದೆ ಹೋದಳೇ? ಮೂರರಲ್ಲಿ ಯಾವುದನ್ನು ಬರೆದರೂ ಅದು ನಾನು ಆಕೆಯ ಬಾಯಲ್ಲಿ ಇಡುವ ಮಾತೇ ಆಗುತ್ತದೆ. ಅಂಥ ಕೆಲಸದಿಂದ ಏನಾಗುತ್ತದೆಂದು ಈಗ ತಿಳಿದಿದೆ.

ಬಂದ ದಿನ ಕೇಳಿದೆ. ಅಕ್ಕ ನಡುಮನೆಯಲ್ಲಿ ಅಕ್ಕಿ ಕೇರುತ್ತಿದ್ದಳು. "ಉಣ್ಣಾಕ ಏಳು," ಎಂದಳು.

ಮೊನ್ನೆ ಮತ್ತೆ ಕೇಳಿದೆ. ಮತ್ತೆ ಅದೇ ಮೊರ ಕೈಯಲ್ಲಿತ್ತು. ಈ ಸಲ ಅಕ್ಕ ಎಂದು ಕರೆಯಲಿಲ್ಲ. ಹುಟ್ಟಿದಂದಿನಿಂದ ಆಕೆಗೆ ಆಡದ ಮಾತು ಬಾಯಿಗೆ ಬಂತು. ಅದು ಪ್ರೀತಿಯಿಂದ ಬಂದದ್ದೋ, ಉತ್ತರ ಹೊರಡಿಸುವ ಉಪಾಯವೋ, ಅದನ್ನೂ ನಾನು ಆಣೆ ಮಾಡಿ ಹೇಳಲಾರೆ. ಮೊರ ಅರ್ಧಕ್ಕೆ ನಿಂತಿತು. ಆಮೇಲೆ ಮತ್ತೆ ಆಡತೊಡಗಿತು. ತೌಡು ಗಾಳಿಗೆ ಎದ್ದು ನಮ್ಮಿಬ್ಬರ ನಡುವೆ ಹಾರಿತು. ಅಂದಿನಿಂದ ಮನೆಯಲ್ಲಿ ಊಟ, ಬಟ್ಟೆ, ಮಾತ್ರೆಗಳ ಮಾತು ನಡೆದಿದೆ. ಇದೊಂದು ಮಾತ್ರ ಕೇಳಿದ ಜಾಗದಲ್ಲೇ ಇದೆ:

"ಅವ್ವಾ, ಆಕಿ ನನ್ನ ಹಾದಿ ನೋಡಾಕ ಹತ್ಯಾಳಂತ ನನಗ್ಯಾಕ ಹೇಳಲಿಲ್ಲ?"