ಚಾಮಯ್ಯನವರ ತೊಟ್ಟಿಲು

ಲಷ್ಕರ್ ಮೊಹಲ್ಲಾದ ನಮ್ಮ ವಠಾರದಲ್ಲಿ ಪಕ್ಕದ ಮನೆಯವರು ಬಡಗಿ ಚಾಮಯ್ಯನವರು. ದೇವರ ಪಟ, ಮಹಾರಾಜರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ, ನಾನು ಮದುವೆಯಾಗಿ ಬರುವ ಮುಂಚಿನಿಂದಲೂ ಅವರಿಗೆ ಒಂದೇ ಕೆಲಸ. ಓರೆಯಾಗಿ ಸೀಳಿರುವ ಮರದ ಅಚ್ಚಿನೊಳಗೆ ಕಟ್ಟಿನ ಪಟ್ಟಿ ಇಟ್ಟು, ಆ ಸೀಳಿನಲ್ಲೇ ಸಣ್ಣ ಹಲ್ಲಿನ ಗರಗಸ ಆಡಿಸಬೇಕು. ಗರಗಸ ಅತ್ತಿತ್ತ ಹೊರಳುವಂತಿಲ್ಲ. ಮೂಲೆ ತಾನಾಗಿ ಕೂಡುತ್ತದೆ.

ನನ್ನ ಮಗುವಿಗೆ ತೊಟ್ಟಿಲು ಬೇಕೆಂದಾಗ ಅವರ ಮುಖ ಅರಳಿತು. "ಬಾಯಿ ಅಗಲ, ತಳ ಕಿರಿದು ಮಾಡಿ ಕೊಡ್ತೀನಿ ಕಣವ್ವ. ಸರಿಯಾಗ್ ಬಂದ್ರೆ ಆ ಅಂಗಡಿ ಬುಟ್ಬುಟ್ಟು ಮನೇಲೇ ಕೆಲ್ಸ ಹಿಡೀತೀನಿ."

"ಬುಟ್ಟಂಗೇ ಬುಡಿ! ವರ್ಷಾ ವರ್ಷಾ ಇದೇ ಕೇಳ್ತಾ ಇವ್ನಿ," ಎಂದು ಹೆಂಡತಿ ಮಾದೇವಮ್ಮ ನಕ್ಕರು.

ಭಾನುವಾರ ಚಾಮಯ್ಯನವರು ಜಗಲಿಯ ಮೇಲೆ ದೊಡ್ಡ ಕೈಗರಗಸ ಹಿಡಿದು ಕೂತರು. ಇದಕ್ಕೆ ಅಚ್ಚಿಲ್ಲ; ಗೆರೆ ನೋಡಿಕೊಂಡು ಕೈಯೇ ಓರೆ ಹಿಡಿಯಬೇಕು. ಬಾಯಿ ಅಗಲವಾಗಲು ಹೊರಕ್ಕೆ ವಾಲಿಸುವ ಹಲಗೆಗೆ ಬೇಕಾದ ಓರೆಯೇ ಬೇರೆ. ಗೆರೆಯನ್ನೇನೋ ಸರಿಯಾಗಿ ಎಳೆದಿದ್ದರು. ಆದರೆ ಕೊಯ್ಯುತ್ತಾ ಕೊಯ್ಯುತ್ತಾ ಗರಗಸ ಗೆರೆ ಬಿಟ್ಟು ಪಟದ ಕಟ್ಟಿನ ಓರೆಗೇ ತಿರುಗಿತು. ಇನ್ನೊಂದು ಹಲಗೆಯೂ ಹಾಗೇ ಆಯಿತು. ಜೋಡಿಸಿ ನೋಡಿದರೆ ಮೂಲೆಯಲ್ಲಿ ಬೆರಳು ತೂರುವಷ್ಟು ಸಂದು.

"ಕೈ ಆ ಅಂಗಡೀಲೇ ಉಳ್ಕೊಂಬುಟ್ಟದೆ ಕಣವ್ವ," ಎಂದರು. ಮಾದೇವಮ್ಮ ಈ ಸಲ ನಗಲಿಲ್ಲ.

ಕೊನೆಗೆ ಹಲಗೆಗಳನ್ನು ವಾಲಿಸದೆ ನೆಟ್ಟಗೆ ನಿಲ್ಲಿಸಿ, ಪಟದ ಕಟ್ಟಿನಂತೆಯೇ ಮೂಲೆ ಕೂಡಿಸಿ ಕೊಟ್ಟರು. ಎಲ್ಲೂ ಸಂದಿಲ್ಲ, ಗಟ್ಟಿಯಾಗಿದೆ. ಹಳೇ ಸೀರೆ ಮಡಿಸಿ ಹಾಸಿದೆ, ಮಗು ಮಲಗಿತು. ಸೋಮವಾರ ಬೆಳಿಗ್ಗೆ ಚಾಮಯ್ಯನವರು ಬುತ್ತಿ ಹಿಡಿದು, ನಮ್ಮ ಬಾಗಿಲ ಕಡೆ ನೋಡದೆ ಅಂಗಡಿಗೆ ಹೋದರು.