ಎರಡನೇ ಏಟು

ಬೀದಿಯವರೆಲ್ಲ ಅವನನ್ನು ಕೆಂಡಣ್ಣ ಎಂದೇ ಕರೆಯುತ್ತಿದ್ದರು. ಬೈಕ್ ಸವಾರರು ಹೆಲ್ಮೆಟ್ ಮೇಲೆ ಕೂರಿಸಿಕೊಳ್ಳುವ ಪುಟ್ಟ ಕ್ಯಾಮೆರಾಗಳನ್ನು ರಿಪೇರಿ ಮಾಡುವುದು ಅವನ ಕಸುಬು. ತಂದವರನ್ನು ಬೈಯುವುದು ಅದರ ಜೊತೆಗೆ ಪುಕ್ಕಟೆ. ಲೆನ್ಸ್ ಗೀರಿಸಿಕೊಂಡು ಬಂದರೂ ಬೈಗುಳ, ನೀರು ಕುಡಿಸಿಕೊಂಡು ಬಂದರೂ ಬೈಗುಳ. ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಮೆಮೊರಿ ಕಾರ್ಡನ್ನು ಗಂಟಲಮಟ್ಟ ತುಂಬಿಸಿಕೊಂಡು ಬಂದು, 'ರೆಕಾರ್ಡೇ ಆಗ್ತಿಲ್ಲ ಅಣ್ಣಾ' ಎನ್ನುವವರನ್ನು ಕಂಡರೆ. ಅಂಥವರಿಗಾಗಿಯೇ ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ: 'ಕೆಲಸಕ್ಕೆ ಮುಂಚೆ ಕಾರ್ಡ್ ಫಾರ್ಮ್ಯಾಟ್ ಮಾಡಿ. ಮಾಡದವರು ಇತ್ತ ಬರಬೇಡಿ.'

ಆದರೆ ಆ ದಿನಗಳಲ್ಲಿ ಅವನ ಸಿಟ್ಟು ಗಿರಾಕಿಗಳ ಮೇಲಿರಲಿಲ್ಲ. ಹೆಂಡತಿ ಡಬ್ಬಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಪ್ರೆಸ್ ಮಷೀನಿನ ಅಚ್ಚಿನಲ್ಲಿ ತಗಡು ಇಟ್ಟು, ಕೈ ತೆಗೆದು, ಪೆಡಲ್ ಒತ್ತಬೇಕು. ಮೇಲಿನ ಅಚ್ಚು ದಡ್ ಎಂದು ಒಂದು ಏಟು ಹಾಕಿ ಮೇಲೆ ಹೋಗಿ ನಿಲ್ಲಬೇಕು. ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದ ಹಿರಿಯ ಕೆಲಸಗಾರ್ತಿ ಹಾಗೇ ಏಟು ಬಿದ್ದ ಮೇಲೆ ಮುಚ್ಚಳ ತೆಗೆಯಲು ಕೈ ಚಾಚಿದಳು. ಯಾರೂ ಒತ್ತದೆ ಅಚ್ಚು ಇನ್ನೊಮ್ಮೆ ಇಳಿಯಿತು. ಎರಡು ಬೆರಳು ಹೋದವು. 'ಅವಳೇ ಎರಡು ಸಲ ಒತ್ತಿದಾಳೆ' ಎಂದು ಸೂಪರ್‌ವೈಸರ್ ತೀರ್ಪು ಕೊಟ್ಟು ಅವಳನ್ನು ಮನೆಗೆ ಕಳಿಸಿದ. ಅದೇ ಮಷೀನಿಗೆ ಕೆಂಡಣ್ಣನ ಹೆಂಡತಿಯನ್ನು ಹಾಕಿದ.

'ನಾಳೆಯಿಂದ ಹೋಗ್ಬೇಡ,' ಕೆಂಡಣ್ಣ ತಟ್ಟೆ ನೂಕಿದ.

'ನಾನು ಹೋಗ್ದಿದ್ರೆ ಇನ್ನೊಬ್ಬಳು ನಿಂತ್ಕೋತಾಳೆ ರೀ. ಮಷೀನಿಗೆ ಯಾರ ಬೆರಳಾದ್ರೇನು?' ಎಂದಳು ಹೆಂಡತಿ. 'ನಾನು ಕದ್ದುಮುಚ್ಚಿ ಇಕ್ಕಳದಲ್ಲಿ ತಗಡು ಇಡ್ತಿದೀನಿ. ಸೂಪರ್‌ವೈಸರ್ ಕಂಡ್ರೆ ಕೆಲಸ ನಿಧಾನ ಆಯ್ತು ಅಂತ ಕಿತ್ಕೋತಾನೆ. ಆ ಎರಡನೇ ಏಟು ದಿನಕ್ಕೆ ಒಂದೋ ಎರಡೋ ಸಲ ಬಿದ್ದೇ ಬೀಳುತ್ತೆ. ಹೇಳಿದ್ರೆ, ಬಾಯಿಮಾತು ಬೇಡಮ್ಮ, ಪುರಾವೆ ತಗೊಂಬಾ ಅಂತಾನೆ.'

'ಪುರಾವೆ ತಾನೇ? ಅವನ ಮುಖಕ್ಕೆ ಉಗಿದ ಹಾಗೆ ಕೊಡ್ತೀನಿ.'

'ಉಗಿಯೋದು ಆಮೇಲೆ. ಮೊದಲು ಉಣ್ಣಿ.'

ಅವನ ಬಳಿ ಒಂದು ಅಗ್ಗದ ಕ್ಯಾಮೆರಾ ಇತ್ತು. ಸೆಕೆಂಡಿಗೆ ಮೂವತ್ತು ಚಿತ್ರ ಹಿಡಿಯುತ್ತಿತ್ತು. ಬೀಳುವ ಅಚ್ಚಿನ ಮುಂದೆ ಅದು ಆಮೆಯೇ ಸರಿ. ಅಚ್ಚೂ ಪಾದವೂ ಕಲಸಿಹೋಗಿ ಮೊದಲು ಯಾವುದು ಅಲುಗಿತೆಂದೇ ತಿಳಿಯುತ್ತಿರಲಿಲ್ಲ. ಅದೇ ಕಂಪನಿಯ ದುಬಾರಿ ಕ್ಯಾಮೆರಾ ನೂರಿಪ್ಪತ್ತು ಚಿತ್ರ ಹಿಡಿಯುತ್ತದೆ. ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದವನಿಗೆ ಮೈಯೆಲ್ಲ ಉರಿದುಹೋಯಿತು. ಒಳಗೆ ಅದೇ ಚಿಪ್, ಅದೇ ಸೆನ್ಸರು! ಅಗ್ಗದ್ದರ ಫರ್ಮ್‌ವೇರಿನಲ್ಲಿ, ಅಂದರೆ ಕ್ಯಾಮೆರಾದ ತಲೆಯೊಳಗೆ ಕಂಪನಿ ತುಂಬಿಟ್ಟ ಅಪ್ಪಣೆಗಳಲ್ಲಿ, 'ಇಷ್ಟೇ ಓಡು' ಎಂದು ಬರೆದಿಟ್ಟಿದ್ದರು.

'ಕಳ್ಳ ನನ್ಮಕ್ಳು! ಕುದುರೆ ಮಾರಿ, ಕಾಲು ಕಟ್ಟಿ ಕಳಿಸಿದಾರೆ.'

ಆ ಕಟ್ಟು ಬಿಚ್ಚುವ ದಾರಿಯನ್ನು ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಒಂದು ಪುಟಾಣಿ ಫೈಲನ್ನು ಮೆಮೊರಿ ಕಾರ್ಡಿಗೆ ಹಾಕಿಟ್ಟರೆ, ಆನ್ ಆಗುವಾಗ ಕ್ಯಾಮೆರಾ ಅದನ್ನು ಓದಿ, ಕಂಪನಿಯ ಅಪ್ಪಣೆ ಬಿಟ್ಟು ಇದರ ಮಾತು ಕೇಳುತ್ತದೆ. ಶಾಲೆಯ ಮೆಟ್ಟಿಲು ಇವನು ಹತ್ತಿದ್ದಕ್ಕಿಂತ ಇಳಿದದ್ದೇ ಹೆಚ್ಚು. ಒಂದು ಅಂಕಿ ಬದಲಿಸುವುದು, ಆನ್ ಮಾಡುವುದು, ಬೈಯುವುದು. ಒಮ್ಮೆ ಚಿತ್ರ ನೇರಳೆ ಬಣ್ಣಕ್ಕೆ ತಿರುಗಿತು. ಇನ್ನೊಮ್ಮೆ ಕ್ಯಾಮೆರಾ ಕಣ್ಣು ಮುಚ್ಚಿ ಕಲ್ಲಿನಂತೆ ಕೂತಿತು. ಬ್ಯಾಟರಿ ಕಿತ್ತು ಹಾಕಿದ ಮೇಲೆ ಉಸಿರಾಡಿತು. ಕೊನೆಗೊಂದು ಮಧ್ಯಾಹ್ನ, ನಲ್ಲಿಯಿಂದ ಬೀಳುವ ನೀರು ಪರದೆಯ ಮೇಲೆ ಒಂದೊಂದೇ ಹನಿಯಾಗಿ, ಮಣಿ ಪೋಣಿಸಿದ ಹಾಗೆ ಇಳಿಯಿತು. ಕೆಂಡಣ್ಣ ಒಬ್ಬನೇ ನಕ್ಕ.

ಮರುದಿನ ಹೆಂಡತಿ ಕ್ಯಾಮೆರಾವನ್ನು ಅಚ್ಚೂ ಪೆಡಲೂ ಒಟ್ಟಿಗೆ ಕಾಣುವಂತೆ ಪಕ್ಕದ ಮಷೀನಿಗೆ ಬಿಗಿದು ರೆಕಾರ್ಡ್ ಮಾಡಿದಳು. ಎರಡನೇ ಏಟು ಬಿತ್ತು. ಸಂಭ್ರಮದಿಂದ ಅಲ್ಲೇ ಸೂಪರ್‌ವೈಸರ್‌ಗೆ ತೋರಿಸಿದಳು. ಪರದೆಯ ತುಂಬ ಬೂದಿ ಬಣ್ಣದ ಗೀರು.

'ಇದ್ರಲ್ಲಿ ಮಷೀನು ಯಾವ್ದು, ನೀನು ಯಾವ್ದು?' ಅವನು ಎಲ್ಲರಿಗೂ ಕೇಳುವಂತೆ ನಕ್ಕ. 'ನಿನ್ನ ಗಂಡಂಗೆ ಮದುವೆ ವೀಡಿಯೋ ಮಾಡೋಕೆ ಹೇಳು, ಹೋಗು.'

ಸಂಜೆ ಅದನ್ನು ನೋಡಿ ಕೆಂಡಣ್ಣ ಸ್ಕ್ರೂಡ್ರೈವರ್ ಎಸೆದ. 'ಏನು ಮಾಡ್ದೆ ಇದಕ್ಕೆ? ಮತ್ತೆ ಮೂವತ್ತಕ್ಕೇ ಬಂದು ಕೂತಿದೆ! ಒಂದು ಕೆಲಸ ಸರಿಯಾಗಿ ಮಾಡೋಕಾಗಲ್ವಾ ನಿಂಗೆ?'

'ನೀವು ಹೇಳಿದ್ದನ್ನೇ ಮಾಡ್ದೆ.'

'ಏನು ಹೇಳಿದೀನಿ ನಾನು?'

ಅವಳು ಕೈಯೆತ್ತಿ ಗೋಡೆ ತೋರಿಸಿದಳು. ಕೆಂಪಕ್ಷರ ಹಲ್ಲು ಕಿರಿಯುತ್ತಿತ್ತು. ಕೆಲಸಕ್ಕೆ ಮುಂಚೆ ಶಿಸ್ತಾಗಿ ಕಾರ್ಡ್ ಫಾರ್ಮ್ಯಾಟ್ ಮಾಡಿದ್ದಳು. ಕಾರ್ಡಿನಲ್ಲಿದ್ದುದೆಲ್ಲ, ಆ ಪುಟಾಣಿ ಫೈಲೂ ಸೇರಿ, ಅಳಿಸಿಹೋಗಿತ್ತು. ಕಟ್ಟು ಬಿಚ್ಚಿದ ಕುದುರೆಗೆ ಅವನ ಮಾತೇ ಮತ್ತೆ ಕಟ್ಟು ಹಾಕಿತ್ತು.

'ಬೈಯೋದಾದ್ರೆ ಗೋಡೆಗೆ ಬೈಯಿರಿ,' ಎಂದು ಅವಳು ಒಳಗೆ ಹೋದಳು.

ಅವನು ನಿಜವಾಗಿಯೂ ಗೋಡೆಗೆ ಬೈದ. ಆಮೇಲೆ ಕೂತು ಫೈಲನ್ನು ಮತ್ತೆ ಹಾಕಿದ. ನೂರಿಪ್ಪತ್ತಕ್ಕೆ ಏರಿಸಿದರೆ ಕ್ಯಾಮೆರಾ ಕಾದ ಕಾವಲಿಯಾಗಿ ತಾನೇ ಆಫ್ ಆಗುತ್ತಿತ್ತು. ಗುಜರಿಯ ಅಲ್ಯೂಮಿನಿಯಂ ತುಂಡನ್ನು ಅರದಲ್ಲಿ ಉಜ್ಜಿ, ಬಿಸಿ ಹೀರಲೆಂದು ಅದರ ಬೆನ್ನಿಗೆ ಅಂಟಿಸಿದ. 'ಈ ಸಲ ಏನನ್ನೂ ಮುಟ್ಟಬೇಡ ತಾಯಿ, ಕೆಂಪು ಬಟನ್ ಒಂದೇ ಒತ್ತು,' ಎಂದು ಕೈ ಮುಗಿದ.

ಈ ಸಲ ಎಲ್ಲ ಸಿಕ್ಕಿತು. ಪಾದ ಪೆಡಲನ್ನು ಒತ್ತುತ್ತದೆ. ಅಚ್ಚು ಇಳಿದು ಏರುತ್ತದೆ. ಪಾದ ಪೆಡಲಿನಿಂದ ಪೂರಾ ಮೇಲೆದ್ದು ನೆಲದ ಮೇಲೆ ಕೂರುತ್ತದೆ. ಇಕ್ಕಳ ಒಳಗೆ ಹೋಗುತ್ತದೆ. ಆಗ ಅಚ್ಚು ಕಳ್ಳನ ಹಾಗೆ ಮೆಲ್ಲಗೆ, ಯಾರೂ ಕರೆಯದೆ, ಮತ್ತೆ ಇಳಿದು ಇಕ್ಕಳದ ಮೂತಿಯನ್ನು ಚಪ್ಪಟೆ ಮಾಡುತ್ತದೆ. ಹೆಂಡತಿ ತಂದಿದ್ದ ಆ ಇಕ್ಕಳದ ಮೂತಿಯನ್ನು ಕೆಂಡಣ್ಣ ಬೆರಳಿನಿಂದ ಸವರಿ, ಇಕ್ಕಳವನ್ನು ತನ್ನ ಬಳಿಯೇ ಇಟ್ಟುಕೊಂಡ.

ಬೆಳಗ್ಗೆ ಹೆಂಡತಿಯ ಜೊತೆ ಕಾರ್ಖಾನೆಗೆ ತಾನೇ ಹೋದ. ಸೂಪರ್‌ವೈಸರ್ ಅವನನ್ನು ಒಳಗೆ ಬಿಟ್ಟದ್ದು ಇನ್ನೊಂದು ಸಲ ನಗೋಣವೆಂದೇ. ವೀಡಿಯೋ ಮುಗಿಯುವಷ್ಟರಲ್ಲಿ ನಗು ಆರಿತ್ತು. ಸುತ್ತ ಹೆಂಗಸರು ಸೇರಿದ್ದರು.

'ಈ ಕ್ಯಾಮೆರಾ ಹೀಗೆ ಹಿಡಿಯಲ್ಲ,' ಎಂದ ಸೂಪರ್‌ವೈಸರ್. 'ನನ್ನ ಹತ್ರಾನೂ ಇದೇ ಇದೆ. ಒಳಗೆ ಏನೋ ಬದಲಾಯಿಸಿದೀಯ. ಕಿತಾಪತಿ ಮಾಡಿದ ಕ್ಯಾಮೆರಾನ ನಂಬೋಕಾಗುತ್ತಾ?'

'ಹೌದಯ್ಯಾ, ಬದಲಾಯಿಸಿದೀನಿ! ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದೀನಿ! ನೀನು ಯಾವಾಗ ಬಿಚ್ಕೋತೀಯ?' ಕೆಂಡಣ್ಣ ಮುನ್ನುಗ್ಗಿದ.

ಹೆಂಡತಿ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು. ಅವಳ ದನಿ ಏರಲಿಲ್ಲ. 'ಕ್ಯಾಮೆರಾ ಸುಳ್ಳೇ ಅಂತ ಇಟ್ಕೊಳ್ಳಿ ಸರ್. ಮಷೀನು ಇಲ್ಲೇ ಇದೆ. ನಾನು ಒಂದೇ ಸಲ ಒತ್ತಿ ಕಾಲು ತೆಗೀತೀನಿ. ನೀವು ಕೈ ಹಾಕಿ ಮುಚ್ಚಳ ತೆಗೀರಿ. ಸಾಯಂಕಾಲದ ತನಕ.'

ಸೂಪರ್‌ವೈಸರ್ ಮಷೀನು ನೋಡಿದ. ಅವನ ಬಲಗೈ, ಅವನನ್ನೇ ಕೇಳದೆ, ಮೆಲ್ಲಗೆ ಪ್ಯಾಂಟಿನ ಜೇಬಿನೊಳಗೆ ಹೋಯಿತು. ಅದನ್ನು ನೋಡಲು ಯಾವ ಕ್ಯಾಮೆರಾವೂ ಬೇಕಿರಲಿಲ್ಲ.

ಒಬ್ಬಳು ತನ್ನ ಮಷೀನು ಆಫ್ ಮಾಡಿದಳು. ಅವಳ ಪಕ್ಕದವಳು, ಅವಳಾಚೆಯವಳು. ಶೆಡ್ಡು ಪೂರ್ತಿ ತಣ್ಣಗಾಯಿತು.

'ಸರಿ, ಅಚ್ಚು ತಡೆಯೋ ಕ್ಲಚ್ ಬಿಚ್ಚಿ ನೋಡಿಸ್ತೀನಿ,' ಎಂದು ಸೂಪರ್‌ವೈಸರ್ ಗೊಣಗಿದ.

'ಅದು ಆಮೇಲೆ,' ಎಂದಳು ಕೆಂಡಣ್ಣನ ಹೆಂಡತಿ. 'ಮೊದಲು ದೊಡ್ಡಕ್ಕನ ಮನೆಗೆ ಹೋಗಿ, ಒತ್ತಿದ್ದು ಅವಳ ಕಾಲಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ ಬನ್ನಿ. ಅಲ್ಲೀತನಕ ನಾವು ಯಾರೂ ಪೆಡಲ್ ಮುಟ್ಟಲ್ಲ.'

ಸೂಪರ್‌ವೈಸರ್ ಹೊರಟ. ಹೆಂಗಸರೂ ಹಿಂದೆ ಹೊರಟರು, ಅವನು ದಾರಿ ತಪ್ಪಬಾರದಲ್ಲ.

ಅಂಗಡಿಗೆ ಮರಳಿದ ಕೆಂಡಣ್ಣನ ಸಿಟ್ಟು ಇಳಿದಿರಲಿಲ್ಲ. ಹೋದ ಬೆರಳು ಯಾರ ಮಾತಿಗೂ ಬರುವುದಿಲ್ಲ. ಬ್ರಷ್ ತೆಗೆದುಕೊಂಡು ಗೋಡೆಯ ಬರಹದ ಕೆಳಗೆ ಇನ್ನೊಂದು ಸಾಲು ಬರೆದ: 'ಕಾರ್ಡ್ ಅಳಿಸುವ ಮುಂಚೆ ಅದರಲ್ಲಿ ಏನಿದೆ ನೋಡಿ.' ಆಮೇಲೆ ಚಪ್ಪಟೆಯಾದ ಇಕ್ಕಳವನ್ನು ಅದರ ಪಕ್ಕದಲ್ಲೇ ಮೊಳೆಗೆ ನೇತುಹಾಕಿದ.