ಕುಳಿಬಂಡೆಯ ಮೇಲೆ ಮೆಕ್ಕೆಜೋಳ

ಜಗಳೂರು ಕಡೆಯ ನಮ್ಮೂರಿನಲ್ಲಿ ಗಾದ್ರಮ್ಮನಿಗೆ ಅಂಗಳವೆಂದರೆ ಊರ ಹೊರಗಿನ ಹಾಸುಬಂಡೆಯೇ. ಮನೆಯ ಮುಂದಿನ ಜಾಗವನ್ನೆಲ್ಲ ಗಂಡನ ಟ್ರ್ಯಾಕ್ಟರ್ ಹಿಡಿದುಬಿಟ್ಟಿದೆ. ಮದುವೆಯಾಗಿ ಬಂದಂದಿನಿಂದ ಶೇಂಗಾ, ಹುಣಸೆ, ಮೆಕ್ಕೆಜೋಳ ಎಲ್ಲವನ್ನೂ ಅವಳು ಒಣಗಿಸಿದ್ದು ಆ ಬಂಡೆಯ ಮೇಲೆ.

ಈ ಸಲ ಬಂಡೆಯ ಅಂಚಿನ ಜಾಲಿ ಕಡಿದಾಗ, ಅದರಡಿ ಸಾಲಾಗಿ ಕುಳಿಗಳು ಕಾಣಿಸಿದವು. ಬೋಗುಣಿಯಷ್ಟು ಅಗಲ, ಒಳಗೆಲ್ಲ ನುಣುಪು. ಯಾರು ಮಾಡಿದ್ದು? ಗಂಡಸರು ಕಟ್ಟೆಯ ಮೇಲೆ ಕೂತು ತರ್ಕಕ್ಕಿಳಿದರು. ಮೈದುನ ಪರಶುರಾಮ್ ಪಾಂಡವರು ಉಂಡ ಜಾಗವೆಂದ. ಪಕ್ಕದ ಮನೆಯ ಹನುಮಣ್ಣ, ಯಾವನೋ ಪಾಳೇಗಾರ ಕುದುರೆಗೆ ಹುರುಳಿ ಇಡಲು ಕೊರೆಸಿದ್ದೆಂದ. ಗಾದ್ರಮ್ಮನ ಗಂಡ ತಿಪ್ಪೇರುದ್ರಸ್ವಾಮಿ, ದೇವರು ಮಂಡಿಯೂರಿದ ಗುರುತು ಎಂದ. ಅವನ ಮಾತೇ ನಿಂತಿತು. ದಿನಾ ಬೆಳಿಗ್ಗೆ ಬಂಡೆ ತೊಳೆದು ಎಡೆ ಇಡಬೇಕು, ಹೆಂಗಸರು ಅದನ್ನು ತುಳಿಯಕೂಡದು, ಕಾಳು ಒಣಹಾಕುವುದಂತೂ ಇಲ್ಲವೇ ಇಲ್ಲ ಎಂದು ತೀರ್ಮಾನವಾಯಿತು.

ಗಾದ್ರಮ್ಮನ ಮೆಕ್ಕೆಜೋಳ ಚೀಲದಲ್ಲೇ ಬಿಸಿಯೇರುತ್ತಿತ್ತು. ಬಿಸಿಲು ಕಾಣದಿದ್ದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹಾಳು. ಆದರೂ ಅವಳು ಜಗಳಕ್ಕೆ ಹೋಗಲಿಲ್ಲ. ಬಂಡೆ ತೊಳೆಯಲು ನೀರು ತಾ ಎಂದ ಗಂಡನ ಮುಂದೆ ಖಾಲಿ ಕೊಡ ಇಟ್ಟಳು.

"ಹೆಂಗಸರು ತುಳಿಯಂಗಿಲ್ಲ ಅಂದೋರು ನೀವೇ. ಮ್ಯಾಲೆ ಹತ್ತದೆ ಬಂಡೆ ತೊಳಿಯಾಕೆ ಹೆಂಗೆ ಆಗ್ತೈತೆ? ಎಡೇನೂ ನೀವೇ ಮಾಡ್ರಿ, ಮಡಿ ಕೆಡಬಾರದು."

ಈ ಭಕ್ತಿ ಉಳಿದ ಹೆಂಗಸರಿಗೂ ಬಲು ಹಿಡಿಸಿತು. ಮೊದಲ ದಿನ ಗಂಡಸರು ಕೊಡ ಹೊತ್ತು ಫೋಟೊ ತೆಗೆಸಿಕೊಂಡರು. ಮರುದಿನ ಹನುಮಣ್ಣನಿಗೆ ಮಂಡಿನೋವು ಬಂತು. ಅದರಾಚೆ ದಿನ ಪರಶುರಾಮನಿಗೆ ಜಗಳೂರಿನಲ್ಲಿ ತುರ್ತು ಕೆಲಸ ಬಂತು. ತಳ ಹಿಡಿದ ಎಡೆಯ ಪಾಯಸದ ಪಾತ್ರೆ ತಿಕ್ಕಲು ಉಳಿದವನು ತಿಪ್ಪೇರುದ್ರಸ್ವಾಮಿ ಒಬ್ಬನೇ. ಸೊಂಟ ಹಿಡಿದುಕೊಂಡು ಬಂದು, ಅದು ದೇವರ ಗುರುತು ಇರಲಿಕ್ಕಿಲ್ಲ ಎಂದು ಹೆಂಡತಿಗೆ ಮೆಲ್ಲಗೆ ಹೇಳಿದ.

"ನನಗ್ಯಾಕೆ ಹೇಳ್ತೀರಿ? ಕಟ್ಟೆ ಮ್ಯಾಲೆ ಹೋಗಿ ಹೇಳ್ರಿ."

ಹೋಗಿ ಹೇಳಿದ. ಕಟ್ಟೆಯ ಮೇಲಿದ್ದವರು ಕೂಡಲೇ ಒಪ್ಪಿ, ಎಡೆಯನ್ನೂ ಕಟ್ಟಳೆಯನ್ನೂ ಕೈಬಿಟ್ಟರು.

ಅಂದೇ ಮಧ್ಯಾಹ್ನ ಹೆಂಗಸರು ಚೀಲಗಳನ್ನು ಹೊತ್ತು ಬಂಡೆ ಹತ್ತಿದರು. ಕೆಳಗೆ ನಿಂತ ಪರಶುರಾಮ್ ಮಾತ್ರ ಬಿಡಲಿಲ್ಲ. ದೇವರಲ್ಲವೆಂದ ಮೇಲೆ ಪಾಂಡವರೇ ಎಂದ. ಗಾದ್ರಮ್ಮ ಕಾಲು ಚಾಚಿ ಕುಳಿಯ ಪಕ್ಕ ಕೂತಳು. ಮುಷ್ಟಿ ಒಳಗಿಟ್ಟು ತಿರುಗಿಸಿದಳು. ಮನೆಯ ಒರಳಿನಲ್ಲಿ ತಿರುಗುವಂತೆಯೇ ಕೈ ಸಲೀಸಾಗಿ ತಿರುಗಿತು.

"ಪಾಂಡವರು ಉಂಡಿರಬಹುದು ಬಿಡಪ್ಪ. ಅರೆದೋರು ಯಾರು?"

ಬಂಡೆಯ ತುಂಬ ನಗೆ ಎದ್ದಿತು. ಅವಳು ಎದ್ದು ಮೆಕ್ಕೆಜೋಳ ಸುರಿದು, ಕುಳಿಗಳ ಸುತ್ತ ಬಂಗಾರದ ಹಾಗೆ ಹರಡಿದಳು. ಕೊನೆಯ ಚೀಲವನ್ನು ತಿಪ್ಪೇರುದ್ರಸ್ವಾಮಿ ತಾನೇ ಹೊತ್ತು ತಂದ.